ಮನೆವಾರ್ತೆ: ರಜೆಯ ಹಿಂದಣ ವಾರ

ಪರದೇಶದಲ್ಲಿ ಸಂಸಾರ ಹೂಡಿದವರ ಮನೆಯಲ್ಲಿ ಎರಡು ಪಂಚಾಂಗಗಳು ನಡೆಯುತ್ತವೆ. ಒಂದು ದೇವರ ಕೋಣೆಯದು, ಇನ್ನೊಂದು ಮಕ್ಕಳ ಶಾಲೆಯದು. ಒಂದನ್ನೊಂದು ಅರಿಯದ ಇವೆರಡಕ್ಕೂ ರಾಜಿ ಮಾಡಿಸುವ ಹೊಣೆ ಗೃಹಸ್ಥರದು. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮಗೆ 2025ನೆಯ ಇಸವಿಯ ಅಕ್ಟೋಬರಿನಲ್ಲಿ ಒದಗಿದ ಇಕ್ಕಟ್ಟನ್ನು ವಾಚಕರ ಮುಂದಿಡುತ್ತೇವೆ.

ಇಲ್ಲಿಯ ಶಾಲೆಗಳಿಗೆ ಸೆಪ್ಟೆಂಬರಿನಲ್ಲಿ ವರ್ಷಾರಂಭ. ವರ್ಷಕ್ಕೆ ಮೂರು ಅವಧಿಗಳು. ಒಂದೊಂದರ ನಡುವೆಯೂ ಸುಮಾರು ಒಂದು ವಾರದ ಬಿಡುವುಂಟು. ಅದಕ್ಕೆ ಹಾಫ್ ಟರ್ಮ್ ಎಂದು ಹೆಸರು. ಆ ವರ್ಷ ಹೆಚ್ಚಿನ ಕಡೆಗಳಲ್ಲಿ ಅದು ಅಕ್ಟೋಬರ್ 27ರಂದು ಮೊದಲಾಯಿತು. ಬಿಡುವಿನ ಹಿಂದಣ ವಾರದಲ್ಲಿ ಉಪಾಧ್ಯಾಯರಿಗೂ ಪುರಸತ್ತಿಲ್ಲ, ತಾಯಂದಿರಿಗೂ ಇಲ್ಲ. ಸೋಮವಾರ ಮಗಳಿಗೆ ಗಣಿತದ ಪರೀಕ್ಷೆ. ಮಂಗಳವಾರ ಮಗನಿಗೆ ಈಜಿನ ಪಾಠ. ಬುಧವಾರ ಸಂಜೆ ಶಾಲೆಯ ಸಂಗೀತಗೋಷ್ಠಿ, ಅದರಲ್ಲಿ ಮಗಳ ಪಿಟೀಲು. ಗುರುವಾರ ಉಪಾಧ್ಯಾಯರೊಡನೆ ನಮ್ಮ ಭೇಟಿ. ಶುಕ್ರವಾರ ಮಕ್ಕಳು ಸಮವಸ್ತ್ರವಿಲ್ಲದೆ, ಧರ್ಮಕಾರ್ಯಕ್ಕೆ ಒಂದು ಪೌಂಡು ಹಿಡಿದು ಹೋಗುವ ದಿನ. ಅದೇ ಸೋಮವಾರ ನರಕ ಚತುರ್ದಶಿ, ಅದೇ ಬುಧವಾರ ಬಲಿಪಾಡ್ಯಮಿ!

ಹಬ್ಬಕ್ಕೆ ಶಾಲೆ ತಪ್ಪಿಸೋಣವೆಂದು ನಾವು ಯೋಚಿಸಿದೆವು. ಅಪ್ಪಣೆಯಿಲ್ಲದೆ ಹತ್ತು ವಾರಗಳೊಳಗೆ ಐದು ದಿನ ತಪ್ಪಿಸಿದರೆ, ಮಗುವೊಂದಕ್ಕೆ ತಂದೆತಾಯಿಗಳಲ್ಲಿ ಒಬ್ಬೊಬ್ಬರಿಗೂ 80 ಪೌಂಡು ದಂಡ ಬೀಳಬಹುದೆಂಬುದು ಇಲ್ಲಿ 2024ರಿಂದ ಬಂದ ನಿಯಮ. ಆದರೆ ಅವರವರ ಧರ್ಮಾಚರಣೆಗೆ ಮೀಸಲಾದ ದಿನಕ್ಕೆ 1996ರ ವಿದ್ಯಾಭ್ಯಾಸದ ಕಾಯಿದೆಯೇ ವಿನಾಯಿತಿ ಕೊಟ್ಟಿದೆ. ಆದಕಾರಣ ಕಾಯಿದೆ ಅಡ್ಡಿಯಾಗಲಿಲ್ಲ, ಅಡ್ಡಿಯಾದವಳು ಮಗಳು. "ಅಮ್ಮಾ, ನಾನು ಹೋಗದಿದ್ದರೆ ನನ್ನ ಭಾಗವನ್ನು ನುಡಿಸುವವರು ಯಾರು?" ಎಂದು ಅತ್ತುಬಿಟ್ಟಳು.

ಹಬ್ಬಕ್ಕಿಂತ ಪಿಟೀಲು ಹೆಚ್ಚಾಯಿತೆ ಎಂದು ನಮಗೆ ಸಿಟ್ಟು ಬಂದಿತು. ಮೈಸೂರಿನಲ್ಲಿರುವ ಅತ್ತೆಯವರು ನಮ್ಮ ಪಕ್ಷ ವಹಿಸುವರೆಂದು ನಂಬಿ ದೂರವಾಣಿಯಲ್ಲಿ ದೂರು ಹೇಳಿಕೊಂಡೆವು. ಅವರು ನಕ್ಕರು. "ನೀರು ತುಂಬುವುದಕ್ಕೆ ಯಾವ ಶಾಲೆಯ ಅಪ್ಪಣೆ ಬೇಕಮ್ಮ? ಎಣ್ಣೆಸ್ನಾನ ಆಗಬೇಕಾದ್ದು ಸೂರ್ಯ ಹುಟ್ಟುವ ಮುಂಚೆ. ಅಷ್ಟು ಹೊತ್ತಿಗೇ ನಿಮ್ಮ ಶಾಲೆ ತೆರೆಯುತ್ತದೆಯೆ?" ಎಂದರು. ನಮಗೆ ಉತ್ತರ ತೋಚಲಿಲ್ಲ.

ಭಾನುವಾರ ಸಂಜೆ ಹಂಡೆಯಿಲ್ಲದ ಮನೆಯಲ್ಲಿ ಹಿತ್ತಾಳೆಯ ಕೊಡಕ್ಕೆ ನೀರು ತುಂಬಿ, ಅರಿಸಿನ ಕುಂಕುಮವಿಟ್ಟೆವು. ಅಕ್ಟೋಬರಿನ ಆ ದಿನಗಳಲ್ಲಿ ಇಲ್ಲಿ ಸೂರ್ಯೋದಯ ಏಳೂವರೆಯ ಸುಮಾರಿಗೆ. ಆದ್ದರಿಂದ ಆರು ಗಂಟೆಗೆದ್ದರೂ ಗಾಢಾಂಧಕಾರ. ಚಳಿಗೆ ಗಟ್ಟಿಯಾಗಿದ್ದ ಕೊಬ್ಬರಿ ಎಣ್ಣೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ಮಕ್ಕಳ ನೆತ್ತಿಗೊತ್ತಿದೆವು. ಆರತಿಯಾಗಿ, ಸಿಹಿ ತಿಂದು, ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆ ಸೇರಿದರು.

ಬುಧವಾರದ್ದೇ ಕಷ್ಟ. ಆಗ ನಮಗೂ ಭಾರತಕ್ಕೂ ನಾಲ್ಕೂವರೆ ಗಂಟೆಗಳ ಅಂತರ. ಅತ್ತೆಯವರು ಒಂಬತ್ತಕ್ಕೆ ಮಲಗುವವರು. ಎಂದರೆ ನಮ್ಮ ಸಂಜೆ ನಾಲ್ಕೂವರೆ. ಮಗಳು ಗೋಷ್ಠಿ ಮುಗಿಸಿ ಮನೆಗೆ ಬಂದಾಗ ಏಳು ದಾಟಿತ್ತು. ಹಬ್ಬದ ದಿನ ಅಜ್ಜಿಗೆ ನಮಸ್ಕಾರ ಹೇಳುವುದು ತಪ್ಪಿತಲ್ಲ ಎಂದು ನಾವು ಪೇಚಾಡುತ್ತಿರುವಾಗಲೇ ದೂರವಾಣಿ ಮೊಳಗಿತು. ಅಲ್ಲಿ ರಾತ್ರಿ ಹನ್ನೊಂದೂಮುಕ್ಕಾಲು. "ಎಲ್ಲಿ, ನುಡಿಸು ನೋಡೋಣ" ಎಂದರು ಅಜ್ಜಿ. ಬಾಗಿಲಲ್ಲಿ ಉರಿಯುತ್ತಿದ್ದ ದೀಪದ ಪಕ್ಕದಲ್ಲಿ ನಿಂತು ಮಗಳು ನುಡಿಸಿದಳು. "ಇದು ಯಾವ ರಾಗ ಮಗು?" ಎಂದು ಅವರು ಕೇಳಿದಾಗ ಹುಡುಗಿಗೆ ಕನ್ನಡದಲ್ಲಿ ಹೇಳಲು ಮಾತು ಸಿಕ್ಕದೆ ನಮ್ಮ ಮುಖ ನೋಡಿದಳು.

ಆ ನೋಟ ನಮಗೆ ಪಾಠವಾಯಿತು. ನಾವು ಒಂದು ದಿನದ ಶಾಲೆಗಾಗಿ ಜಗಳವಾಡಿದೆವು. ಕಳೆದುಹೋಗುತ್ತಿದ್ದುದು ಬೇರೆಯೇ ಆಗಿತ್ತು. 26ರಂದು ಇಲ್ಲಿಯ ಗಡಿಯಾರಗಳನ್ನು ಒಂದು ಗಂಟೆ ಹಿಂದಿಟ್ಟರು. ಅಂತರ ಐದೂವರೆ ಗಂಟೆಯಾಗಿ, ಮಾರ್ಚಿ ಕೊನೆಯವರೆಗೆ ಶಾಲೆ ಬಿಟ್ಟ ಬಳಿಕ ಅಜ್ಜಿಯೊಡನೆ ನೆಮ್ಮದಿಯಾಗಿ ಮಾತಾಡುವಂತಿಲ್ಲ. ಆದುದರಿಂದ ಬಿಡುವಿನ ವಾರದಲ್ಲಿ ವಿಹಾರದ ಯೋಚನೆ ಬಿಟ್ಟು, ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಮಕ್ಕಳನ್ನು ಅಜ್ಜಿಯ ಮುಂದೆ ಕೂರಿಸಿದೆವು. ಅಲ್ಲಿ ಮಧ್ಯಾಹ್ನ ಮೂರೂವರೆ. ಅವರು ಕಥೆ ಹೇಳಿದರು. ಇವರು ತೊದಲುತ್ತ ಪ್ರಶ್ನೆ ಕೇಳಿದರು. ಹಬ್ಬದಲ್ಲಿ ಆಗದಿದ್ದ ಒಬ್ಬಟ್ಟೂ ಆ ವಾರವೇ ಆಯಿತು.

ಪರದೇಶದ ಗೃಹಿಣಿಯರಿಗೆ ನಮ್ಮದೊಂದು ಮಾತು. ಸೆಪ್ಟೆಂಬರಿನಲ್ಲಿಯೇ ಎರಡು ಪಂಚಾಂಗಗಳನ್ನೂ ಒಟ್ಟಿಗೆ ಬಿಡಿಸಿ ನೋಡಿರಿ. ಬೆಳಗಿನ ಎಣ್ಣೆ, ಸಂಜೆಯ ದೀಪ, ಇವನ್ನು ಆಯಾ ದಿನವೇ ನಡೆಯಿಸಿರಿ. ಭಕ್ಷ್ಯಭೋಜ್ಯಗಳು ಬಿಡುವಿಗೆ ಕಾಯಲಿ. ಹಿರಿಯರ ಮಾತು ಮಾತ್ರ ಕಾಯುವಂಥದಲ್ಲ.