ಹಳೇ ಅಪಾರ್ಟ್‌ಮೆಂಟ್‌ಗೆ ಲಿಫ್ಟ್: ಕಂಪನಿಗೆ ಅಡ್ವಾನ್ಸ್ ಕೊಡೋ ಮೊದಲು ಕಟ್ಟಡದ ಫೈಲ್ ತೆಗೆದು ನೋಡಿ

ಶಿವಮೊಗ್ಗ: ಇಪ್ಪತ್ತು, ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಕಡೆ ಎದ್ದ ಎಷ್ಟೋ ಅಪಾರ್ಟ್‌ಮೆಂಟ್‌ಗಳದ್ದು ಒಂದೇ ನಮೂನೆ. ಕೆಳಗೆ ಅಂಗಡಿ ಇಲ್ಲಾ ಪಾರ್ಕಿಂಗ್, ಮೇಲೆ ಮೂರು ಮಹಡಿ, ನಡುವೆ ಒಂದೇ ಮೆಟ್ಟಿಲು. ಲಿಫ್ಟ್ ಇಲ್ಲ. ಫ್ಲಾಟ್ ತಗೊಂಡಾಗ ಮಾಲೀಕರಿಗೆ ನಲವತ್ತೈದು ವಯಸ್ಸು, ಮೂರು ಮಹಡಿ ದೊಡ್ಡದು ಅನ್ನಿಸಿರಲಿಲ್ಲ. ಈಗ ಅವರಿಗೇ ಎಪ್ಪತ್ತು. ಮಂಡಿ ನೋವು, ಹಾರ್ಟ್ ಆಪರೇಷನ್, ವಾರಕ್ಕೆರಡು ಸಲ ಡಯಾಲಿಸಿಸ್. ಮಕ್ಕಳು ಬೆಂಗಳೂರಲ್ಲಿ. ಹುಷಾರು ತಪ್ಪಿದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸಬೇಕು. ಮೂರನೇ ಮಹಡಿಯ ಎಷ್ಟೋ ಹಿರಿಯರು ಮದುವೆ, ಮುಂಜಿಗೆ ಹೋಗೋದನ್ನೇ ಬಿಟ್ಟಿದ್ದಾರೆ.

ಹಂಗಾಗಿ ಸಂಘದ ಮೀಟಿಂಗಲ್ಲಿ ಲಿಫ್ಟ್ ಮಾತು ಬಂದೇ ಬರುತ್ತೆ. ಯಾರೋ ಕಂಪನಿಯವರನ್ನ ಕರೆಸ್ತಾರೆ, ಕೊಟೇಶನ್ ಬರುತ್ತೆ, ಅಡ್ವಾನ್ಸೂ ಹೋಗುತ್ತೆ. ಆಮೇಲೆ ಕೆಲಸ ನಿಲ್ಲುತ್ತೆ. 'ಪರ್ಮಿಷನ್ ಸಿಗ್ತಿಲ್ಲ' ಅನ್ನೋದೊಂದೇ ಉತ್ತರ.

ಆದರೆ ಹಳೇ ಕಟ್ಟಡಕ್ಕೆ ಲಿಫ್ಟ್ ಹಾಕಬಾರದು ಅಂತ ಯಾವ ಕಾನೂನೂ ಹೇಳಲ್ಲ. ತಡೆ ಇರೋದು ಹೆಚ್ಚಾಗಿ ಲಿಫ್ಟಿನಲ್ಲಿ ಅಲ್ಲ, ಕಟ್ಟಡದ ಹಳೇ ಕಾಗದದಲ್ಲಿ. ಬಿಲ್ಡರ್ ಅಂದು ಬಿಟ್ಟು ಹೋದ ತಪ್ಪುಗಳು ಲೆಕ್ಕಕ್ಕೆ ಬರೋದು ಇಂಥ ಅರ್ಜಿ ಹಾಕಿದ ದಿನವೇ.

ಪರ್ಮಿಷನ್ ಒಂದಲ್ಲ, ಮೂರು

ಜನರಲ್ಲಿ ಇರೋ ಮೊದಲ ಗೊಂದಲ ಇದು. ಲಿಫ್ಟ್ ಪರ್ಮಿಷನ್ ಅಂದರೆ ಒಂದು ಆಫೀಸು, ಒಂದು ಸಹಿ ಅಂದುಕೊಳ್ತೀವಿ. ಹೋಗಬೇಕಾದ ಬಾಗಿಲು ಮೂರು.

ಮೊದಲನೇದು ವಿದ್ಯುತ್ ಪರಿವೀಕ್ಷಣಾಲಯ. ಇದು ಮೆಸ್ಕಾಂ ಅಲ್ಲ, ಸರ್ಕಾರದ ಬೇರೆ ಇಲಾಖೆ. ರಾಜ್ಯದಲ್ಲಿ ಲಿಫ್ಟ್‌ಗಳಿಗೆ ಅಂತಲೇ 2012ರ ಕಾಯ್ದೆ ಇದೆ, ಅದಕ್ಕೂ ಮೊದಲು 1974ರ ಕಾಯ್ದೆ ಇತ್ತು. ಇದರ ಪ್ರಕಾರ ಎರಡು ಹಂತ. ಕೆಲಸ ಶುರು ಮಾಡೋ ಮೊದಲು ಅಳವಡಿಕೆಗೆ ಅನುಮತಿ, ಕೆಲಸ ಮುಗಿದ ಮೇಲೆ ಇಲಾಖೆಯವರು ಬಂದು ನೋಡಿ ಓಡಿಸೋದಕ್ಕೆ ಲೈಸೆನ್ಸ್. ಎಷ್ಟು ಭಾರ, ಎಷ್ಟು ವೇಗ, ಎಷ್ಟು ಜನ, ಹಗ್ಗ ಎಂಥದ್ದು, ಕೆಳಗೆ ಗುಂಡಿ ಎಷ್ಟು ಆಳ, ಮೇಲಿನ ಬೀಮ್ ಎಷ್ಟು ಗಟ್ಟಿ ಅನ್ನೋ ವಿವರವನ್ನೆಲ್ಲ ಡ್ರಾಯಿಂಗ್ ಸಮೇತ ಕೊಡಬೇಕು. ಇದನ್ನ ಸಾಮಾನ್ಯವಾಗಿ ಲಿಫ್ಟ್ ಕಂಪನಿಯವರೇ ತಯಾರು ಮಾಡಿಕೊಡ್ತಾರೆ. ಹಾಗಾಗಿ ಮೂರರಲ್ಲಿ ಇದು ಸಲೀಸು.

ಎರಡನೇದು ಪಾಲಿಕೆ, ನಗರಸಭೆ ಅಥವಾ ಪುರಸಭೆ. ಇರೋ ಕಟ್ಟಡಕ್ಕೆ ಹೊಸ ಗೋಡೆ, ಹೊಸ ಶಾಫ್ಟ್ ಸೇರಿಸೋದು ಅಂದರೆ ಕಟ್ಟಡದ ಮಾರ್ಪಾಡು. ಪಾಲಿಕೆಗೆ 1976ರ ಕಾಯ್ದೆ, ನಗರಸಭೆ ಮತ್ತು ಪುರಸಭೆಗೆ 1964ರ ಕಾಯ್ದೆ. ಎರಡರಲ್ಲೂ ಕಟ್ಟೋದಕ್ಕೂ ಮಾರ್ಪಾಡಿಗೂ ಅನುಮತಿ ಬೇಕು. ತಿದ್ದಿದ ಪ್ಲಾನ್ ಕೊಡಬೇಕು, ಜೊತೆಗೆ ಹಳೇ ಮಂಜೂರಾದ ಪ್ಲಾನ್ ಬೇಕು. ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಮೂರನೇದು ಮೆಸ್ಕಾಂ. ಲಿಫ್ಟ್ ಮೋಟಾರಿಗೆ ಸಾಮಾನ್ಯವಾಗಿ ತ್ರೀ ಫೇಸ್ ಬೇಕು. ಕಾಮನ್ ಮೀಟರ್ ಸಿಂಗಲ್ ಫೇಸ್ ಆಗಿದ್ದರೆ ಲೋಡ್ ಹೆಚ್ಚಿಸಬೇಕು, ಇಲ್ಲಾ ಹೊಸ ಆರ್‌ಆರ್ ನಂಬರ್ ತಗೋಬೇಕು.

ಪಾಲಿಕೆ ಟೇಬಲ್ ಮೇಲೆ ಏನಾಗುತ್ತೆ?

ಹಳೇ ಪ್ಲಾನ್ ತೆಗೆದ ತಕ್ಷಣ ಪ್ರಶ್ನೆಗಳು ಶುರು. ಪ್ಲಾನಲ್ಲಿ ಎರಡು ಮಹಡಿ, ಕಟ್ಟಿರೋದು ಮೂರು. ಪ್ಲಾನಲ್ಲಿ ಪಾರ್ಕಿಂಗ್, ಅಲ್ಲಿರೋದು ಅಂಗಡಿ. ಪಕ್ಕದಲ್ಲಿ ಬಿಡಬೇಕಿದ್ದ ಸೆಟ್‌ಬ್ಯಾಕ್ ಜಾಗಕ್ಕೆ ಬಾಲ್ಕನಿ ಚಾಚಿದೆ. ಕಟ್ಟಡ ಮುಗಿದ ಮೇಲೆ ತಗೋಬೇಕಿದ್ದ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ತಗೊಂಡೇ ಇಲ್ಲ. ಇದರಲ್ಲಿ ಒಂದಿದ್ದರೂ ತಿದ್ದಿದ ಪ್ಲಾನಿಗೆ ಸಹಿ ಹಾಕೋದಕ್ಕೆ ಇಂಜಿನಿಯರ್ ಹಿಂದೆ ಮುಂದೆ ನೋಡ್ತಾರೆ. ಹಾಕಿದರೆ ಹಳೇ ತಪ್ಪಿಗೂ ಒಪ್ಪಿಗೆ ಕೊಟ್ಟಂಗೆ ಅನ್ನೋ ಭಯ ಅವರಿಗೆ.

'ಹಂಗಾದ್ರೆ ಸಕ್ರಮ ಮಾಡಿಸಿಬಿಡೋಣ' ಅನ್ನೋರಿಗೆ ದಾರಿ ಕಿರಿದು. ರಾಜ್ಯದ ಅಕ್ರಮ ಸಕ್ರಮ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಅಭಿಯಾನ ಮಾಡಿ ಬಿ ಖಾತಾ ಕೊಟ್ಟರಲ್ಲ ಅಂತ ಕೆಲವರು ಕೇಳ್ತಾರೆ. ಬಿ ಖಾತಾ ಅಂದರೆ ಆಸ್ತಿ ತೆರಿಗೆ ಲೆಕ್ಕಕ್ಕೆ ಬಂತು ಅಂತ. ಕಟ್ಟಡ ಕಾನೂನು ಪ್ರಕಾರ ಇದೆ ಅಂತ ಅಲ್ಲ. ಇದನ್ನ ಬೆರೆಸಿಕೊಂಡು ಯಾರೂ ಮೋಸ ಹೋಗಬೇಡಿ.

ಕರೆಂಟಿನ ವಿಷಯದಲ್ಲೂ ಬಿಗಿ ಬಂದಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಕೇಸಲ್ಲಿ ಇಡೀ ದೇಶಕ್ಕೆ ಅನ್ವಯ ಆಗೋ ನಿರ್ದೇಶನ ಕೊಟ್ಟಿತು. ಓಸಿ ನೋಡದೆ ಕರೆಂಟು, ನೀರು ಕೊಡಬಾರದು ಅಂತ. 2025ರಲ್ಲಿ ನಮ್ಮ ರಾಜ್ಯದ ಎಸ್ಕಾಂಗಳು ಹೊಸ ಸಂಪರ್ಕಕ್ಕೆ ಓಸಿ ಕೇಳೋದಕ್ಕೆ ಶುರು ಮಾಡಿದವು. ಆಮೇಲೆ 1200 ಚದರಡಿವರೆಗಿನ ಸೈಟಿನ ಸಣ್ಣ ಕಟ್ಟಡಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಹತ್ತು, ಹನ್ನೆರಡು ಮನೆಯ ಅಪಾರ್ಟ್‌ಮೆಂಟ್‌ ಅದರೊಳಗೆ ಬರಲ್ಲ. ಅದಕ್ಕೇ ಓಸಿ ಇಲ್ಲದವರು ಹೊಸ ಮೀಟರ್ ಆಸೆ ಇಟ್ಟುಕೊಳ್ಳೋ ಮೊದಲು, ಇರೋ ಕಾಮನ್ ಮೀಟರಲ್ಲೇ ಲೋಡ್ ಹೆಚ್ಚಿಸಿ ಕೊಡ್ತಾರಾ ಅಂತ ಸೆಕ್ಷನ್ ಆಫೀಸಲ್ಲಿ ಕೇಳಿ ನೋಡಿ.

ಎಲ್ಲಿ ಹಾಕ್ತೀರಿ ಅನ್ನೋದೇ ಅರ್ಧ ಉತ್ತರ

ಕಾಗದ ಸರಿ ಇದೆ ಅಂದುಕೊಳ್ಳೋಣ. ಜಾಗ ಎಲ್ಲಿ? ಹೊರಗೋಡೆಗೆ ಅಂಟಿಸಿ ಶಾಫ್ಟ್ ಎಬ್ಬಿಸೋದು ಸುಲಭ ಕಾಣುತ್ತೆ. ಆದರೆ ಅದು ಸೆಟ್‌ಬ್ಯಾಕ್ ಜಾಗಕ್ಕೆ ಬಂದರೆ ಹೊಸದೊಂದು ಉಲ್ಲಂಘನೆ ಆಗುತ್ತೆ, ಪಕ್ಕದ ಮನೆಯವರು ದೂರು ಕೊಟ್ಟರೆ ನಿಲ್ಲೋಕೆ ಕಾಲಿರಲ್ಲ. ಮೆಟ್ಟಿಲ ನಡುವಿನ ಖಾಲಿ ಜಾಗ, ಗಾಳಿ ಬೆಳಕಿಗೆ ಬಿಟ್ಟ ಡಕ್ಟ್ ಇದ್ದರೆ ಅನುಮತಿಗೆ ಸಲೀಸು. ಆದರೆ ಡಕ್ಟ್ ಮುಚ್ಚಿದರೆ ಬಾತ್‌ರೂಮುಗಳ ಗಾಳಿ ಎಲ್ಲಿ ಹೋಗಬೇಕು, ಡ್ರೈನೇಜ್ ಪೈಪ್ ಎಲ್ಲಿಗೆ ಸರಿಸಬೇಕು ಅನ್ನೋದಕ್ಕೂ ಪ್ಲಾನಲ್ಲಿ ಉತ್ತರ ಇರಬೇಕು.

ಮೊದಲೆಲ್ಲ ಲಿಫ್ಟ್ ಅಂದರೆ ಟೆರೇಸ್ ಮೇಲೆ ಮಷೀನ್ ರೂಮ್ ಬೇಕಿತ್ತು. ಈಗ ಮಷೀನ್ ರೂಮ್ ಇಲ್ಲದ ಲಿಫ್ಟ್‌ಗಳು ಬಂದಿವೆ. ಕಬ್ಬಿಣದ ಫ್ರೇಮ್ ಮೇಲೆ ತಾನೇ ನಿಲ್ಲೋ ಶಾಫ್ಟ್ ಸಿಗುತ್ತೆ, ಹಳೇ ಕಾಲಂ ಮೇಲೆ ಪೂರ್ತಿ ಭಾರ ಬೀಳಲ್ಲ. ಲಿಫ್ಟ್ ಲೆಕ್ಕದಲ್ಲಿ ಒಬ್ಬ ಮನುಷ್ಯ ಅಂದರೆ 68 ಕೆಜಿ. ನಾಲ್ಕು ಜನರದ್ದು 272 ಕೆಜಿ, ಆರು ಜನರದ್ದು 408 ಕೆಜಿ. ನಾಲ್ಕು ಜನರದ್ದು ಹಾಕಿಸಿದರೆ ಖರ್ಚು ಕಮ್ಮಿ, ಆದರೆ ಬಾಗಿಲ ಅಗಲ ಅಳೆದು ನೋಡಿ. ವೀಲ್‌ಚೇರ್ ಹಿಡಿಸದ ಲಿಫ್ಟ್ ಹಾಕಿಸಿ ಏನು ಪ್ರಯೋಜನ?

ನಮ್ಮ ಮಲೆನಾಡಿಗೆ ಇನ್ನೊಂದು ಮಾತು. ಲಿಫ್ಟಿನ ಕೆಳಗೆ ನಾಲ್ಕೈದು ಅಡಿ ಗುಂಡಿ ತೋಡಬೇಕಾಗುತ್ತೆ. ಜುಲೈ ಮಳೆಗೆ ಆ ಗುಂಡಿಯಲ್ಲಿ ನೀರು ನಿಂತರೆ ವೈರಿಂಗ್, ಸೆನ್ಸರ್ ಎಲ್ಲ ಹಾಳು. ವಾಟರ್‌ಪ್ರೂಫಿಂಗ್ ಮತ್ತು ನೀರು ಎತ್ತೋ ವ್ಯವಸ್ಥೆ ಕೊಟೇಶನ್‌ನಲ್ಲಿ ಇದೆಯಾ ನೋಡಿ. ಗುಂಡಿ ತೋಡೋ ಜಾಗದ ಪಕ್ಕ ಹಳೇ ಪಾಯ ಎಷ್ಟು ಆಳ ಇದೆ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ ಬರೆದು ಕೊಡಬೇಕು. ಇದಕ್ಕೆ ದುಡ್ಡು ಉಳಿಸೋದಕ್ಕೆ ಹೋಗಬೇಡಿ.

ಕೆಳಗಿನವರು 'ಬೇಡ' ಅಂದರೆ?

ಕಟ್ಟಡದ ಫೈಲ್ ಬಿಟ್ಟರೆ ಹೆಚ್ಚು ಕೆಲಸ ನಿಲ್ಲೋದು ಇಲ್ಲಿ. ಗ್ರೌಂಡ್ ಫ್ಲೋರ್‌ನವರಿಗೆ ಲಿಫ್ಟ್ ಬೇಕಿಲ್ಲ. ಅಂಗಡಿಯವರಿಗೆ ಅದು ಶಟರ್ ಮುಂದೆ ಬರುತ್ತೆ, ಪಾರ್ಕಿಂಗ್ ತಿನ್ನುತ್ತೆ. ಅವರು 'ನಾವ್ಯಾಕೆ ದುಡ್ಡು ಕೊಡಬೇಕು' ಅಂದರೆ ಅದರಲ್ಲೂ ನ್ಯಾಯ ಇದೆ.

ಕಾನೂನು ಅವರ ಕೈಗೆ ಗಟ್ಟಿ ಆಯುಧ ಕೊಟ್ಟಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಯಾವ ಮಾಲೀಕನೂ ಉಳಿದ ಎಲ್ಲ ಮಾಲೀಕರ ಒಪ್ಪಿಗೆ ಮೊದಲೇ ಪಡೆಯದೆ ಕಟ್ಟಡಕ್ಕೆ ಹೊಸ ರಚನೆ ಸೇರಿಸುವಂತಿಲ್ಲ, ಹೊಸ ನೆಲಮಾಳಿಗೆ ತೋಡುವಂತಿಲ್ಲ. ಬಹುಮತ ಅಲ್ಲ, ಎಲ್ಲರ ಒಪ್ಪಿಗೆ. ಮೇಲಿನ ಮೂರು ಮನೆಯವರು ಸೇರಿಕೊಂಡು ದುಡ್ಡು ಹಾಕಿ ಲಿಫ್ಟ್ ಎಬ್ಬಿಸ್ತೀವಿ ಅಂದರೆ ಒಬ್ಬರು ಕೋರ್ಟಿಗೆ ಹೋದರೂ ಸಾಕು. ಸಂಘವೇ ಕೈಗೆತ್ತಿಕೊಂಡರೂ ಬೈಲಾದಲ್ಲಿ ಏನಿದೆ ಅನ್ನೋದು ಮುಖ್ಯ. ಇನ್ನೂ ಒಂದು ತೊಡಕು: ಈ ಕಾಯ್ದೆ ಮಾಡಿರೋದು ವಾಸದ ಮನೆಗಳಿಗೆ. ಕೆಳಗೆ ಅಂಗಡಿ, ಮೇಲೆ ಮನೆ ಇರೋ ಕಟ್ಟಡದ ಸಂಘ ಯಾವ ಕಾಯ್ದೆಯಡಿ ನೋಂದಣಿ ಆಗಿದೆ, ನೋಂದಣಿ ಆಗಿದೆಯಾ ಇಲ್ಲವಾ ಅನ್ನೋದನ್ನ ವಕೀಲರ ಹತ್ತಿರ ಒಮ್ಮೆ ತೋರಿಸಿ.

ಸಿಂಗಪುರದಲ್ಲಿ ಸರ್ಕಾರಿ ವಸತಿ ಮಂಡಳಿ ಹಳೇ ಬ್ಲಾಕುಗಳಿಗೆ ಪ್ರತಿ ಮಹಡಿಯಲ್ಲೂ ನಿಲ್ಲೋ ಲಿಫ್ಟ್ ಕೊಡೋ ಯೋಜನೆಯನ್ನ 2001ರಲ್ಲಿ ಶುರು ಮಾಡಿತು. ಅರ್ಹ ಮನೆಗಳಲ್ಲಿ ಶೇ 75 ಮತ ಬಿದ್ದರೆ ಕೆಲಸ ಆಗುತ್ತೆ, ಖರ್ಚಿನ ದೊಡ್ಡ ಪಾಲು ಸರ್ಕಾರದ್ದು. ಅಲ್ಲಿ ಕಟ್ಟಡ ಕಟ್ಟಿದ್ದೂ ಸರ್ಕಾರವೇ, ನಮ್ಮದಕ್ಕೆ ನೇರ ಹೋಲಿಕೆ ಆಗಲ್ಲ. ಆದರೆ ಒಬ್ಬರ 'ಬೇಡ'ಕ್ಕೆ ಇಡೀ ಕಟ್ಟಡ ನಿಲ್ಲಬಾರದು ಅನ್ನೋ ವಿಚಾರ ನಮ್ಮ ಶಾಸಕರಿಗೂ ತಿಳಿಯಬೇಕು.

ಅಲ್ಲಿವರೆಗೆ ದಾರಿ ಅಂದರೆ ಲೆಕ್ಕ ಸರಿ ಮಾಡೋದು. ಉದಾಹರಣೆಗೆ ನಾಲ್ಕು ಅಂತಸ್ತು, ಅಂತಸ್ತಿಗೆ 3 ಮನೆ, ಒಟ್ಟು 12. ಸಿವಿಲ್ ಕೆಲಸ ಸೇರಿ 18 ಲಕ್ಷ ರೂಪಾಯಿ ಅಂದುಕೊಳ್ಳಿ. ಸಮ ಹಂಚಿದರೆ ಮನೆಗೆ 1.5 ಲಕ್ಷ, ಕೆಳಗಿನವರು ಒಪ್ಪಲ್ಲ. ಕೆಳಗಿನ ಮೂರು ಮನೆ ಬಿಟ್ಟು, ಒಂದನೇ ಮಹಡಿಗೆ ಒಂದು ಪಾಲು, ಎರಡನೇದಕ್ಕೆ ಎರಡು, ಮೂರನೇದಕ್ಕೆ ಮೂರು ಪಾಲು ಹಾಕಿದರೆ ಒಟ್ಟು 18 ಪಾಲು. ಅಂದರೆ ಮನೆಗೆ 1 ಲಕ್ಷ, 2 ಲಕ್ಷ, 3 ಲಕ್ಷ. ಕೆಳಗಿನವರಿಂದ ದುಡ್ಡು ಬೇಡ, ಬರೀ ಸಹಿ ಅಂದರೆ ಮಾತು ಬೇಗ ಮುಗಿಯಬಹುದು. ಅಂಗಡಿ ಮುಂದಿನ ಜಾಗ ಹೋಗೋದಿದ್ದರೆ ಅದಕ್ಕೆ ಬದಲಿ ಪಾರ್ಕಿಂಗ್ ಬರೆದು ಕೊಡಿ. ತಿಂಗಳ ಕರೆಂಟ್ ಬಿಲ್ಲು, ವರ್ಷದ ಮೇಂಟೆನೆನ್ಸ್ ಯಾರು ಕಟ್ಟೋದು ಅನ್ನೋದೂ ಅದೇ ಕಾಗದದಲ್ಲಿ ಇರಲಿ. ವಾಟ್ಸಾಪ್ ಗ್ರೂಪಿನ 'ಓಕೆ' ನಂಬಿ ಗುಂಡಿ ತೋಡಬೇಡಿ.

ಅಂಗಡಿಯವರಿಗೂ ಸಂಬಂಧ ಇದೆ

ಇದು ಮೇಲಿನ ಮನೆಯವರ ತಲೆನೋವು ಅಂತ ಅಂಗಡಿಯವರು ಸುಮ್ಮನಿರೋ ಹಾಗಿಲ್ಲ. ಗೋಡೌನಿಗೆ ಅಂತ ಹಾಕೋ ಗೂಡ್ಸ್ ಲಿಫ್ಟ್ ಕೂಡ ಕಾಯ್ದೆಯ ಲೆಕ್ಕದಲ್ಲಿ ಲಿಫ್ಟೇ. ವೆಲ್ಡಿಂಗ್ ಶಾಪಲ್ಲಿ ಮಾಡಿಸಿ ಹಾಕಿಕೊಂಡಿದ್ದರೆ, ಕೆಲಸದ ಹುಡುಗನಿಗೆ ಏನಾದರೂ ಆದ ದಿನ ಲೈಸೆನ್ಸ್ ಎಲ್ಲಿ ಅಂತ ಕೇಳ್ತಾರೆ.

ಮಹಡಿ ಮೇಲೆ ಕ್ಲಿನಿಕ್, ಲ್ಯಾಬ್, ಟ್ಯೂಷನ್, ಆಫೀಸಿಗೆ ಬಾಡಿಗೆ ಕೊಟ್ಟವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೋಡಿ. ಜನ ಬಂದು ಹೋಗೋ ಖಾಸಗಿ ಕಟ್ಟಡವೂ ಅದರಲ್ಲಿ ಸಾರ್ವಜನಿಕ ಕಟ್ಟಡವೇ. ಇಂಥ ಹಳೇ ಕಟ್ಟಡಗಳಲ್ಲಿ ಎಲ್ಲರೂ ಓಡಾಡೋ ವ್ಯವಸ್ಥೆ ಮಾಡೋದಕ್ಕೆ ನಿಯಮ ಬಂದ ದಿನದಿಂದ ಐದು ವರ್ಷ ಟೈಮ್ ಕೊಟ್ಟಿದ್ದರು. ನಿಯಮ ಬಂದಿದ್ದು 2017ರ ಜೂನ್. ಗಡುವು ಮುಗಿದು ವರ್ಷಗಳೇ ಆದವು.

ಕ್ರಮ ತಪ್ಪಿಸಬೇಡಿ

ಮೊದಲು ಮಂಜೂರಾದ ಪ್ಲಾನ್ ಮತ್ತು ಓಸಿ ಹುಡುಕಿ. ಬಿಲ್ಡರ್ ಹತ್ತಿರ ಇಲ್ಲ ಅಂದರೆ ಪಾಲಿಕೆ ಅಥವಾ ನಗರಸಭೆಗೆ ಆರ್‌ಟಿಐ ಅರ್ಜಿ ಹಾಕಿ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಎರಡನೇದು ಮಾಲೀಕರ ಸಹಿ ಮತ್ತು ಸಂಘದ ನಿರ್ಣಯ. ಮೂರನೇದು ಸ್ಟ್ರಕ್ಚರಲ್ ಇಂಜಿನಿಯರ್ ವರದಿ ಮತ್ತು ತಿದ್ದಿದ ಪ್ಲಾನ್. ಆಮೇಲೆ ಪಾಲಿಕೆ, ಆಮೇಲೆ ಪರಿವೀಕ್ಷಣಾಲಯ, ಜೊತೆಗೇ ಮೆಸ್ಕಾಂ. ಲಿಫ್ಟ್ ಕಂಪನಿಗೆ ದೊಡ್ಡ ಮೊತ್ತ ಹೋಗೋದು ಇದೆಲ್ಲ ಆದ ಮೇಲೆ. ನಮ್ಮಲ್ಲಿ ಆಗ್ತಿರೋದು ಉಲ್ಟಾ.

ಪ್ಲಾನಿಗೂ ಕಟ್ಟಡಕ್ಕೂ ತಾಳೆ ಆಗದಿದ್ದರೆ ಬಾಯಿಮಾತಿಗೆ ಓಡಾಡಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ, 'ಆಗಲ್ಲ' ಅನ್ನೋದಾದರೆ ಯಾವ ಕಾರಣಕ್ಕೆ ಅಂತ ಬರವಣಿಗೆಯಲ್ಲಿ ಕೇಳಿ. ಕಾರಣ ಕೈಗೆ ಬಂದರೆ ಸರಿಪಡಿಸೋದಕ್ಕೋ, ಮೇಲ್ಮನವಿಗೋ ದಾರಿ ಇರುತ್ತೆ. ಬಾಯಿಮಾತಿನ 'ನೋಡೋಣ'ಕ್ಕೆ ಮೇಲ್ಮನವಿ ಇಲ್ಲ.

ಪಾಲಿಕೆ, ನಗರಸಭೆಗಳು ಮಾಡಬಹುದಾದ ಕೆಲಸವೂ ಒಂದಿದೆ. ಹಳೇ ಕಟ್ಟಡಕ್ಕೆ ಲಿಫ್ಟ್ ಹಾಕೋದಕ್ಕೆ ಯಾವ ಯಾವ ಕಾಗದ ಬೇಕು, ಯಾವ ಉಲ್ಲಂಘನೆ ಇದ್ದರೆ ಕೊಡಲ್ಲ, ಎಷ್ಟು ದಿನದಲ್ಲಿ ಉತ್ತರ ಅಂತ ಒಂದೇ ಪುಟದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಲಿ. ಹೊಸ ಕಾನೂನೂ ಬೇಡ, ಬಜೆಟ್ಟೂ ಬೇಡ. ಮೂರನೇ ಮಹಡಿಯ ಅಜ್ಜಿಗೆ ಈ ವರ್ಷ ಲಿಫ್ಟ್ ಬರುತ್ತಾ ಇಲ್ಲವಾ ಅಂತಾದರೂ ಗೊತ್ತಾಗುತ್ತೆ. ಬರಲ್ಲ ಅಂತ ಖಾತ್ರಿ ಆದರೆ ಕೆಳಗಿನ ಬಾಡಿಗೆ ಮನೆ ಹುಡುಕೋದಕ್ಕಾದರೂ ಮನೆಯವರಿಗೆ ಟೈಮ್ ಸಿಗುತ್ತೆ.