ಹಾಲಿನ ತಟ್ಟೆಗಿಂತ ಮೊದಲು ಬೆಚ್ಚನೆಯ ಬಟ್ಟೆ

ಬೆಕ್ಕಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಇಂಡಿ, ಸಿಂದಗಿಯ ಓಣಿಗಳಿರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮೊಹಲ್ಲಾಗಳಿರಲಿ, ಮಸೀದಿಯ ಅಂಗಳದಲ್ಲಿ ಮಲಗಿದ ಬೆಕ್ಕನ್ನು ಹೊಡೆದು ಓಡಿಸುವವರು ಕಡಿಮೆ. ಕೊರತೆಯಿರುವುದು ತಿಳಿವಳಿಕೆಯಲ್ಲಿ. ಯಾರೋ ಚೀಲದಲ್ಲಿ ತಂದು ಬಿಟ್ಟುಹೋದ, ಕಣ್ಣಿಗೆ ಗೀಜು ಕಟ್ಟಿದ ಮರಿಯೊಂದನ್ನು ಮಕ್ಕಳು ಎತ್ತಿಕೊಂಡು ಬಂದರೆ ನಾವು ಮಾಡುವ ಮೊದಲ ಕೆಲಸ, ಒಂದು ತಟ್ಟೆ ಹಾಲು ಇಡುವುದು. ತಣ್ಣಗಾಗಿರುವ ಎಳೆ ಮರಿಗೆ ಆ ಹಾಲೇ ಜೀವಕ್ಕೆ ಎರವಾಗಬಹುದು ಎಂದರೆ ನಿಮಗೆ ಆಶ್ಚರ್ಯವಾದೀತು.

ಮೊದಲು ಕೆಲವರ ಹಿಂಜರಿಕೆಯ ಬಗ್ಗೆ ಒಂದು ಮಾತು. ಅಬೂ ಕತಾದ(ರ)ರವರ ಸೊಸೆ ಕಬ್ಶ ಅವರಿಗಾಗಿ ವುಜೂವಿನ ನೀರು ಇಟ್ಟಾಗ ಬೆಕ್ಕೊಂದು ಬಂದಿತು. ಅದು ಕುಡಿಯಲೆಂದು ಅವರು ಪಾತ್ರೆಯನ್ನೇ ಬಾಗಿಸಿ ಹಿಡಿದರು. ಸೊಸೆ ಬೆರಗಾಗಿ ನೋಡಿದಾಗ, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ನಡುವೆಯೇ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿ(ಸ) ಹೇಳಿರುವುದನ್ನು ತಿಳಿಸಿದರು. ಅಬೂ ದಾವೂದ್, ತಿರ್ಮಿದಿ ಮುಂತಾದ ಗ್ರಂಥಗಳಲ್ಲಿ ಈ ವರದಿಯಿದೆ. ಬೇರೆ ನೀರು ಇರುವಾಗ ಬೆಕ್ಕು ಬಾಯಿಟ್ಟ ನೀರನ್ನು ಬಳಸುವುದು ಮಕ್ರೂಹ್ ಎಂದು ಹನಫೀ ವಿದ್ವಾಂಸರು ಹೇಳುತ್ತಾರಾದರೂ ಅದನ್ನು ನಜಸ್ ಎನ್ನುವುದಿಲ್ಲ. ಆದರೆ ಬೆಕ್ಕಿನ ಮಲಮೂತ್ರಕ್ಕೆ ಈ ಮಾತು ಅನ್ವಯಿಸುವುದಿಲ್ಲ. ನಜಸ್ ಅಲ್ಲ ಎಂದರೆ ರೋಗವಿಲ್ಲ ಎಂದೂ ಅರ್ಥವಲ್ಲ. ಈ ಎರಡನ್ನು ಬೆರೆಸಿಬಿಟ್ಟಿರುವುದರಿಂದಲೇ ನಮ್ಮ ಮನೆಗಳಲ್ಲಿ ಅಜಾಗರೂಕತೆ ಬೆಳೆದಿದೆ ಎಂಬುದು ನನ್ನ ಅಭಿಪ್ರಾಯ.

ಈಗ ಮರಿಯ ವಿಷಯ. ಸುಮಾರು ನಾಲ್ಕು ವಾರದವರೆಗೆ ಬೆಕ್ಕಿನ ಮರಿ ತನ್ನ ಮೈಯ ಬಿಸಿಯನ್ನು ತಾನೇ ಸರಿಯಾಗಿ ಕಾಯ್ದುಕೊಳ್ಳಲಾರದು. ತಾಯಿಯ ಹೊಟ್ಟೆಯೇ ಅದರ ಒಲೆ. ಮೈ ತಣ್ಣಗಾದಾಗ ಕರುಳು ಕೆಲಸ ನಿಲ್ಲಿಸುತ್ತದೆ. ನುಂಗುವ ಶಕ್ತಿಯೂ ಇಳಿಯುತ್ತದೆ. ಆಗ ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಉಳಿಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಆದ್ದರಿಂದ ಅದರ ಪಾದ, ಬಾಯಿಯ ಒಳಭಾಗ ನಿಮ್ಮ ಬೆರಳಿಗೆ ತಣ್ಣಗೆ ತಾಗಿದರೆ ಹಾಲಿನ ಮಾತೇ ಬೇಡ. ರಟ್ಟಿನ ಡಬ್ಬದಲ್ಲಿ ಹಳೆಯ ಬಟ್ಟೆ ಹಾಸಿ, ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಒಂದು ಬದಿಗೆ ಇಡಿ. ಬಿಸಿ ಹೆಚ್ಚಾದರೆ ಮರಿ ಇನ್ನೊಂದು ಬದಿಗೆ ಸರಿಯುವಷ್ಟು ಜಾಗವಿರಲಿ. ಒಂದೆರಡು ಗಂಟೆಯಲ್ಲಿ ನಿಧಾನವಾಗಿ ಬೆಚ್ಚಗಾಗಬೇಕು. ಒಲೆಯ ಪಕ್ಕ ಬೇಡ, ನಮ್ಮ ಜಿಲ್ಲೆಯ ಬಿಸಿಲಿಗಂತೂ ಬೇಡವೇ ಬೇಡ. ಕೊಳಕಾಗಿದೆಯೆಂದು ಸ್ನಾನ ಮಾಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ ತಕ್ಷಣ ಒಣಗಿಸಿದರೆ ಸಾಕು.

ಒಂದು ಎಚ್ಚರಿಕೆ. ಆರೋಗ್ಯವಾಗಿ ಕಾಣುವ, ಬೆಚ್ಚಗಿರುವ ಮರಿಯನ್ನು ಕಂಡ ಕೂಡಲೇ ಎತ್ತಬೇಡಿ. ತಾಯಿ ಮರಿಗಳನ್ನು ಒಂದೊಂದಾಗಿ ಬೇರೆ ಕಡೆಗೆ ಸಾಗಿಸುತ್ತಿರಬಹುದು. ಕೆಲವು ಗಂಟೆ ದೂರದಿಂದ ನೋಡಿ. ತಣ್ಣಗಾಗಿ ನಿತ್ರಾಣಗೊಂಡದ್ದಕ್ಕೆ ಮಾತ್ರ ಕಾಯುವುದು ಬೇಡ.

ಕಣ್ಣು ತೆರೆಯದಿದ್ದರೆ ಅದು ಹತ್ತು-ಹನ್ನೆರಡು ದಿನದೊಳಗಿನ ಮರಿ. ಮುಂದಿನ ಹಲ್ಲು ಮೂಡಿದ್ದರೆ ಸುಮಾರು ಮೂರು ವಾರದ್ದು. ಬೆಕ್ಕಿನ ಹಾಲಿನಲ್ಲಿ ಪ್ರೊಟೀನ್ ಆಕಳ ಹಾಲಿನ ಎರಡು ಪಟ್ಟಿಗಿಂತ ಹೆಚ್ಚು. ಆಕಳು, ಎಮ್ಮೆಯ ಹಾಲಿನಿಂದ ಎಳೆ ಮರಿಗೆ ಭೇದಿಯಾಗುತ್ತದೆ. ಇನ್ನೂರು ಗ್ರಾಂ ತೂಕದ ಜೀವಕ್ಕೆ ಒಂದು ದಿನದ ಭೇದಿಯೇ ಸಾಕು. ಬೆಕ್ಕಿನ ಮರಿಗೆಂದೇ ತಯಾರಾದ ಹಾಲಿನ ಪುಡಿ ಸಿಗುತ್ತದೆ. ವಿಜಯಪುರಕ್ಕೋ ಸೋಲಾಪುರಕ್ಕೋ ಹೋಗುವವರಿದ್ದರೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಕೇಳಿಸಿ. ಕುಡಿಸುವಾಗ ಮಗುವನ್ನು ಮಲಗಿಸಿದಂತೆ ಅಂಗಾತ ಹಿಡಿಯಬೇಡಿ. ಹೊಟ್ಟೆ ಕೆಳಗಾಗಿ, ತಾಯಿಯ ಬಳಿ ಕುಡಿಯುವಂತೆಯೇ ಇರಲಿ. ಸೂಜಿ ತೆಗೆದ ಸಿರಿಂಜಿನಿಂದ ಹನಿಹನಿಯಾಗಿ ಕೊಡಿ. ಮೊದಲ ವಾರದ ಮರಿಗೆ ರಾತ್ರಿಯೂ ಎರಡು-ಮೂರು ಗಂಟೆಗೊಮ್ಮೆ ಬೇಕು. ಪ್ರತಿ ಸಲ ಕುಡಿದ ಮೇಲೆ ಬೆಚ್ಚನೆಯ ನೀರಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೃದುವಾಗಿ ಒರೆಸಬೇಕು. ತಾಯಿ ನೆಕ್ಕದಿದ್ದರೆ ಎಳೆ ಮರಿ ತಾನಾಗಿ ಮೂತ್ರ ಮಾಡುವುದಿಲ್ಲ. ದಿನಕ್ಕೆ ಹತ್ತು ಗ್ರಾಂನಷ್ಟು ತೂಕ ಏರುತ್ತಿದ್ದರೆ ನೀವು ಸರಿದಾರಿಯಲ್ಲಿದ್ದೀರಿ. ನಾಲ್ಕೈದು ವಾರ ದಾಟಿದ್ದಕ್ಕೆ ರೊಟ್ಟಿ-ಹಾಲು ಕಲಸಿಡುವ ರೂಢಿ ಬಿಟ್ಟು, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಸಣ್ಣಗೆ ಬಿಡಿಸಿ ಕೊಡಿ.

ಮನೆಯ ಔಷಧ ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಫಿನಾಯಿಲ್, ಡೆಟಾಲ್ ಕೂಡ ಹಾಗೆಯೇ; ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಔಷಧವೂ ಕೊಲ್ಲುತ್ತದೆ. ಕಣ್ಣಿನ ಗೀಜನ್ನು ಕುದಿಸಿ ಆರಿಸಿದ ನೀರಿನಿಂದ, ಒಂದೊಂದು ಕಣ್ಣಿಗೆ ಬೇರೆ ಹತ್ತಿ ಬಳಸಿ ಒರೆಸಿ. ಅರ್ಧ ದಿನ ಏನೂ ಕುಡಿಯದಿದ್ದರೆ, ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಬಾಯಿ ತೆರೆದು ಉಸಿರಾಡಿದರೆ, ಒಸಡು ಬಿಳಿಚಿದ್ದರೆ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಗೆ ಒಯ್ಯಿರಿ. ಎಮ್ಮೆ, ಎತ್ತುಗಳ ಸಾಲಿನಲ್ಲಿ ಬೆಕ್ಕಿನ ಮರಿ ಹಿಡಿದು ನಿಂತರೆ ನಾಲ್ಕು ಜನ ನಗಬಹುದು. ನಗಲಿ.

ಮನೆಯವರ ಸುರಕ್ಷತೆಯೂ ಅಷ್ಟೇ ಮುಖ್ಯ. ಎರಡು ವಾರ ಮರಿ ಬೇರೆ ಮೂಲೆಯಲ್ಲಿರಲಿ, ಅಡುಗೆಮನೆಗೂ ಜಾನಮಾಜಿನ ಜಾಗಕ್ಕೂ ಬೇಡ. ಅದರ ಮಣ್ಣಿನ ಡಬ್ಬಿಯನ್ನು ದಿನವೂ ತೆಗೆಯಿರಿ: ಮಲದಲ್ಲಿರಬಹುದಾದ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಸೋಂಕು ತಗಲಿಸುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ಗರ್ಭಿಣಿಯರು ಆ ಕೆಲಸಕ್ಕೆ ಕೈ ಹಾಕಬಾರದು. ಅದೇ ಪರಾವಲಂಬಿ ಹಸಿ ಮಾಂಸದಿಂದಲೂ ಬರುತ್ತದೆ, ಆದ್ದರಿಂದ ಬಕ್ರೀದ್ ದಿನ ಚಾಕು, ಮಣೆಗಳನ್ನು ತೊಳೆಯುವಾಗಲೂ ಅದು ನೆನಪಿರಲಿ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ದಮ್ಮು ಬರುತ್ತದೆ ಎಂಬ ಮಾತು ಸರಿಯಲ್ಲ. ಅಲರ್ಜಿ ಬರುವುದು ಅದರ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೊಟೀನಿನಿಂದ. ಆದರೂ ಈಗಾಗಲೇ ದಮ್ಮಿರುವ ಮಗುವಿದ್ದರೆ ಮರಿಯನ್ನು ಬೇರೆ ಮನೆಗೆ ಒಪ್ಪಿಸುವುದು ಲೇಸು. ಮರಿ ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಸುಣ್ಣ, ಅರಿಶಿನ ಹಚ್ಚಿ ಕೂರಬೇಡಿ. ಹರಿಯುವ ನೀರಿನಲ್ಲಿ ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಕೇಳಿ.

ಆ ಮರಿಯನ್ನು ಚೀಲದಲ್ಲಿ ತಂದು ಬಿಟ್ಟವರೂ ನಮ್ಮವರೇ ಇರಬಹುದು. ಬೆಕ್ಕನ್ನು ಕಟ್ಟಿಹಾಕಿ, ಉಣ್ಣಿಸದೆ, ತಾನೇ ಹುಡುಕಿ ತಿನ್ನಲೂ ಬಿಡದ ಹೆಂಗಸಿಗೆ ನರಕವಾಯಿತೆಂಬ ಬುಖಾರಿಯ ಹದೀಸ್ ನಮಗೆಲ್ಲ ಬಾಯಿಪಾಠ. ಕಣ್ಣು ತೆರೆಯದ ಮರಿಯನ್ನು ಊರಾಚೆ ಎಸೆದರೂ ಅದು ತಾನೇ ಹುಡುಕಿ ತಿನ್ನಲಾರದು. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು, ಸುಮಾರು ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಸಾಕುವವರು ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರನ್ನೂ, ಮಸಲೆಯ ಬಗ್ಗೆ ತಮ್ಮ ಉಲಮಾರನ್ನೂ ಕೇಳಿ ತೀರ್ಮಾನಿಸಲಿ.

ಇಷ್ಟೆಲ್ಲ ಮಾಡಿದರೂ ಮರಿ ಉಳಿಯದೇ ಹೋಗಬಹುದು. ಹಾಗಾದರೆ ಆಳವಾಗಿ ಹೂಳಿ, ಅದರ ಬಟ್ಟೆ, ಡಬ್ಬ ಸುಟ್ಟುಬಿಡಿ, ನೆಲವನ್ನು ಬ್ಲೀಚಿಂಗ್ ದ್ರಾವಣದಿಂದ ಒರೆಸಿ. ವಾಂತಿ-ಭೇದಿಯಿಂದ ಸತ್ತಿದ್ದರೆ ಅದು ಪ್ಯಾನ್‌ಲ್ಯೂಕೋಪೀನಿಯಾ ಆಗಿರಬಹುದು. ಅದರ ವೈರಸ್ ಮನುಷ್ಯರಿಗೆ ತಗಲದಿದ್ದರೂ ಮನೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮಕ್ಕಳು ಅಳುತ್ತಾರೆಂದು ಮರುವಾರವೇ ಲಸಿಕೆಯಾಗದ ಇನ್ನೊಂದು ಮರಿಯನ್ನು ಅದೇ ಮೂಲೆಗೆ ತರಬೇಡಿ.