ಆಟದ ರಾತ್ರಿಯನ್ನು ಎಲ್ಲಿ ತುಂಡರಿಸಬೇಕು?

ಇರುಳಿಡೀ ನಡೆಯುವ ಬಯಲಾಟವು ಒಂದು ಸಿ.ಡಿ.ಯಲ್ಲಿ ಹಿಡಿಯಲಾರದೆಂಬುದನ್ನು, ಹರಕೆಯಾಟ ಆಡಿಸಿ ಅದನ್ನು ಚಿತ್ರೀಕರಿಸಿಕೊಂಡ ಕಾರ್ಕಳ ಸೀಮೆಯ ಮನೆಯವರೆಲ್ಲರೂ ಬಲ್ಲರು. ಆದರೆ ಆ ರಾತ್ರಿಯನ್ನು ಎಲ್ಲಿ ತುಂಡರಿಸಬೇಕೆಂದು ವಿಚಾರಿಸಿದವರು ಕಡಮೆ. ಆ ತೀರ್ಮಾನವನ್ನು ನಾವು ಗಡಿಯಾರಕ್ಕೆ ಬಿಟ್ಟುಕೊಟ್ಟೆವು. ಹಾಗೆ ಬಿಟ್ಟುದು ತಪ್ಪೆಂಬುದೇ ನಮ್ಮ ಅಭಿಪ್ರಾಯ.

ಈಚೆಗೆ ನಿಟ್ಟೆಯ ಸಮೀಪದ ಮನೆಯೊಂದರಲ್ಲಿ, 2004ರ ‘ಶ್ರೀ ದೇವಿ ಮಹಾತ್ಮೆ’ ಆಟದ ಏಳು ವಿ.ಸಿ.ಡಿ.ಗಳನ್ನು ನೋಡುವ ಸಂದರ್ಭ ನಮಗೊದಗಿತು. ಮೂರನೆಯದರ ಕೊನೆಯಲ್ಲಿ ಸಭೆಯ ಹಿಂಬದಿಯ ಕತ್ತಲಲ್ಲಿ ದೊಂದಿಯ ಬೆಳಕು ಕಾಣಿಸಿತು. ಮಹಿಷಾಸುರನ ಆರ್ಭಟ ಕೇಳಿಸಿತು. ಕುಳಿತಿದ್ದ ಮಕ್ಕಳು ಎದ್ದು ನಿಂತರು. ಅಷ್ಟರಲ್ಲಿ ಮುದ್ರಿಕೆ ಮುಗಿಯಿತು. ನಾಲ್ಕನೆಯದನ್ನು ಯಂತ್ರವು ಗುರುತಿಸಲೇ ಇಲ್ಲ. ಮಹಿಷನ ಮುಂದೆ ದೊಂದಿ ಹಿಡಿದು ನಡೆದವರಲ್ಲಿ ಆ ಮನೆಯ ಯಜಮಾನರೂ ಒಬ್ಬರು. ಅವರು ಈಗಿಲ್ಲ.

ತುಂಡರಿಸಿದವನ ಲೆಕ್ಕವೇನೋ ಸರಿಯೇ. ಸಾಮಾನ್ಯ ಸಿ.ಡಿ. ವಿ.ಸಿ.ಡಿ.ಯಾದಾಗ 80 ನಿಮಿಷಗಳ ಚಿತ್ರವನ್ನು ಹಿಡಿಯುತ್ತದೆ. ಒಂಬತ್ತು ಗಂಟೆಯ ಆಟಕ್ಕೆ ಏಳು ಸಾಕು. ಇಲ್ಲಿ ಒಂದು ಸೂಕ್ಷ್ಮವುಂಟು. 700 ಮೆಗಾಬೈಟುಗಳದೆಂದು ಅಚ್ಚು ಹಾಕಿದ ಸಿ.ಡಿ.ಯಲ್ಲಿ ವಿ.ಸಿ.ಡಿ.ಯ ಚಿತ್ರವು 800 ಮೆಗಾಬೈಟುಗಳಿಗೂ ಮೀರಿ ಸೇರುತ್ತದೆ. ಅದು ಹೇಗೆಂದರೆ, ಕಡತಗಳನ್ನು ಬರೆಯುವಾಗ ದೋಷ ತಿದ್ದುವುದಕ್ಕೆಂದು ಮೀಸಲಿಡುವ ಹೆಚ್ಚುವರಿ ಅಂಕಿಗಳನ್ನು ಕೈಬಿಟ್ಟು, ಆ ಸ್ಥಳದಲ್ಲಿಯೂ ಚಿತ್ರವನ್ನೇ ತುಂಬಲಾಗುತ್ತದೆ. ಸ್ಥಳ ದೊರೆಯಿತು, ರಕ್ಷಣೆ ತಗ್ಗಿತು. ಬರೆಯಬಲ್ಲ ಸಿ.ಡಿ.ಯಲ್ಲಿ ಅಂಕಿಗಳನ್ನು ಹೊತ್ತಿರುವುದು ಒಂದು ತೆಳುವಾದ ಬಣ್ಣದ ಪದರ. ಅದು ಬೆಳಕಿಗೂ ಕಾವಿಗೂ ಕುಗ್ಗುವಂಥದು. ನಮ್ಮ ಕರಾವಳಿಯ ತೇವದ ವಿಚಾರವನ್ನು ಬೇರೆ ಹೇಳಬೇಕಾಗಿಲ್ಲ.

ಡಿ.ವಿ.ಡಿ. ಬಂದ ಮೇಲೆ ಇಕ್ಕಟ್ಟು ಸಡಿಲಿತು, ತೀರಲಿಲ್ಲ. ಅದರ ಧಾರಣಶಕ್ತಿ 470 ಕೋಟಿ ಬೈಟುಗಳು. ಗಣಕಯಂತ್ರವು ಸಾವಿರದ ಬದಲು 1024ರ ಮೆಟ್ಟಿಲಲ್ಲಿ ಎಣಿಸುವುದರಿಂದ ಅದೇ ಮೊತ್ತ 4.38 ಗಿಗಾಬೈಟು ಎಂದು ಕಾಣುತ್ತದೆ; 4.7 ಎಂಬ ಅಚ್ಚನ್ನು ನಂಬಿ 4.5ರ ಕಡತವನ್ನು ಹಾಕಹೋದವರು ಅಂಗಡಿಯವನನ್ನು ಬೈದುದುಂಟು. ಒಳ್ಳೆಯ ಚಿತ್ರ ಬೇಕಾದರೆ ಇದರಲ್ಲಿ ಎರಡು ಗಂಟೆ ಹಿಡಿದೀತು. ಇಡೀ ರಾತ್ರಿಯನ್ನು ಎರಡೇ ಡಿ.ವಿ.ಡಿ.ಗಳಿಗೆ ಒತ್ತಿದವರೂ ಇದ್ದಾರೆ. ಅಂಥದರಲ್ಲಿ ಅರ್ಥಗಾರಿಕೆ ನಡೆಯುವಷ್ಟು ಹೊತ್ತು ಎಲ್ಲವೂ ಸೊಗಸು; ವೇಷವು ದಿಗಿಣ ಹಾಕಿತೋ, ಪರದೆಯ ತುಂಬ ಬರಿಯ ಚೌಕಗಳು!

ಇದರ ಕಾರಣವನ್ನು ತಿಳಿದರೆ ಎಲ್ಲಿ ತುಂಡರಿಸಬೇಕೆಂಬುದೂ ತಿಳಿಯುತ್ತದೆ. ಸೆಕೆಂಡಿಗೆ 25 ಚಿತ್ರಗಳಿದ್ದರೂ ಎಲ್ಲವನ್ನೂ ಪೂರ್ಣವಾಗಿ ಬರೆಯುವುದಿಲ್ಲ. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರ. ನಡುವಣವುಗಳಿಗೆ ಆದ ಬದಲಾವಣೆ ಮಾತ್ರ. ಚಲನೆ ಹೆಚ್ಚಿದಷ್ಟೂ ಬದಲಾವಣೆಯ ಮೊತ್ತ ಹೆಚ್ಚುವುದಷ್ಟೆ. ಪೂರ್ಣ ಚಿತ್ರವಿರುವಲ್ಲಿ ತುಂಡರಿಸಿದರೆ ಏನೂ ನಷ್ಟವಿಲ್ಲ, ಮರಳಿ ಅಡಕಿಸಬೇಕಾಗಿಯೂ ಇಲ್ಲ. ಮರಳಿ ಅಡಕಿಸಿದಷ್ಟು ಸಲವೂ ಚಿತ್ರ ಮಾಸುತ್ತದೆ.

ಅಕ್ಕಿಯನ್ನು ಸೇರಿನಿಂದ ಅಳೆದಂತೆ ಬೈಟುಗಳನ್ನು ಅಳೆದು ಕಡತವನ್ನು ಕಡಿಯುವ ರೀತಿಯೊಂದುಂಟು. ಇಷ್ಟು ಸುಲಭವೂ ನಿಖರವೂ ಆದ ಉಪಾಯವನ್ನು ಏಕೆ ಬಿಡಬೇಕೆಂದು ಕೇಳುವವರಿದ್ದಾರೆ. ಸಾಗಿಸುವುದಕ್ಕೆ ಅದು ತಕ್ಕುದೇ, ಕಾಪಿಡುವುದಕ್ಕಲ್ಲ. ಹಾಗೆ ಕಡಿದ ತುಂಡು ತಾನಾಗಿ ಆಡುವುದೇ ಅನುಮಾನ. ಒಂದು ಕಳೆದುಹೋದರೆ ಉಳಿದವೂ ಕೆಲಸಕ್ಕೆ ಬಾರದೆ ಹೋಗಬಹುದು. ಪ್ರತಿಯೊಂದು ತುಂಡೂ ಸ್ವತಂತ್ರವಾಗಿ ನಡೆಯುವಂತಿರಬೇಕು. ಆಟಕ್ಕೆ ತನ್ನದೇ ಸಂದುಗಳಿವೆ: ಪೂರ್ವರಂಗ ಮುಗಿದು ಪ್ರಸಂಗ ತೊಡಗುವಲ್ಲಿ, ಭಾಗವತರು ಪದ್ಯ ಮುಗಿಸಿ ಚೆಂಡೆ ಇಳಿಯುವಲ್ಲಿ, ಒಂದು ವೇಷ ಚೌಕಿಗೆ ಮರಳುವಲ್ಲಿ. ತುಂಡರಿಸುವುದಿದ್ದರೆ ಅಲ್ಲಿ. ಮೇಲಾಗಿ ಹಿಂದಿನ ತುಂಡಿನ ಕೊನೆಯ ಕೆಲವು ನಿಮಿಷಗಳು ಮುಂದಿನದರ ಮೊದಲಲ್ಲಿಯೂ ಇರಬೇಕು. ಹೀಗೆ ಮಾಡಿದರೆ ಏಳರ ಸ್ಥಾನದಲ್ಲಿ ಎಂಟೊಂಬತ್ತು ಬೇಕಾದಾವು. ಒಂದು ರಾತ್ರಿಯ ಆಟ ಆಡಿಸುವ ವೆಚ್ಚದ ಮುಂದೆ ಎರಡು ಖಾಲಿ ಸಿ.ಡಿ.ಗಳ ಬೆಲೆಯೇನು?

ಇಂದು ಹಾರ್ಡ್ ಡಿಸ್ಕಿನಲ್ಲಿ ನೂರಾರು ರಾತ್ರಿಗಳು ಅಖಂಡವಾಗಿ ನಿಲ್ಲುತ್ತವೆ. ತುಂಡರಿಸುವ ಕೆಲಸ ಮುಗಿದು ಜೋಡಿಸುವ ಕೆಲಸ ಬಂದಿದೆ. ಅದಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ಸೋನಿ ಸಂಸ್ಥೆಯು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು; ಹೊಸ ಗಣಕಗಳಲ್ಲಿ ಸಿ.ಡಿ. ಓದುವ ಭಾಗವೇ ಅಪರೂಪವಾಗಿದೆ. ಕಾಲಮಿತಿಯ ಪ್ರದರ್ಶನಗಳು ಹೆಚ್ಚಿರುವ ಈ ದಿನಗಳಲ್ಲಿ ಇಡೀ ರಾತ್ರಿಯ ಹಳೆಯ ಆಟಗಳ ದಾಖಲೆ ಇಂಥ ಮನೆಗಳ ಕಪಾಟುಗಳಲ್ಲಿ ಉಳಿದಿದೆ. 1986ರಿಂದ ಇಂಜಿನಿಯರಿಂಗ್ ಕಾಲೇಜೊಂದನ್ನು ಹೊಂದಿರುವ ನಿಟ್ಟೆಯಲ್ಲಿ ಈ ಕಾರ್ಯಕ್ಕೆ ಕೈಗಳ ಅಭಾವವಿರಲಾರದು. ಬೇಸಗೆಯ ರಜೆಯಲ್ಲಿ ಹತ್ತು ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಓದಬಲ್ಲದ್ದನ್ನು ಮೊದಲು ಓದಿ, ಎರಡೆರಡು ಪ್ರತಿ ಮಾಡಿ, ಪ್ರಸಂಗ, ಮೇಳ, ಭಾಗವತರು, ವೇಷಧಾರಿಗಳ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಲಿ.

ಆ ನಾಲ್ಕನೆಯ ಸಿ.ಡಿ.ಯನ್ನು ನಾವು ಕೇಳಿ ತಂದು, ಗೆಳೆಯರೊಬ್ಬರ ಹಳೆಯ ಗಣಕದಲ್ಲಿ ಮತ್ತೆ ಮತ್ತೆ ಓದಿಸಿ ನೋಡಿದೆವು. ಸಿ.ಡಿ.ಯ ಬರವಣಿಗೆ ನಡುವಿನಿಂದ ಅಂಚಿನ ಕಡೆಗೆ ಸಾಗುತ್ತದೆ. ಕೆಟ್ಟಿದ್ದುದು ನಡುವಣ ಭಾಗ. ಆದುದರಿಂದ ಮೊದಲ ನಾಲ್ಕು ನಿಮಿಷಗಳ ಹೊರತು ಉಳಿದುದೆಲ್ಲವೂ ದೊರೆಯಿತು. ಚಿತ್ರ ಮೂಡಿದಾಗ ಮಹಿಷಾಸುರನು ರಂಗಸ್ಥಳವನ್ನು ಏರಿಯಾಗಿತ್ತು, ದೊಂದಿಗಳನ್ನು ಆರಿಸಿದ್ದರು.